ಓಡುತ್ತಲೇ ಕೂರುವ ಕಲೆ: ಸಾಫ್ಟ್‌ಬಾಲ್ ಸ್ಲೈಡಿಂಗ್ ಕುರಿತು ಓದುಗರ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದೇ ಆತಂಕ ಎದ್ದು ಕಾಣುತ್ತದೆ. ಮಕ್ಕಳು ಬೇಸ್‌ಗೆ, ಅಂದರೆ ಓಟಗಾರರು ಔಟಾಗದೆ ತಲುಪಬೇಕಾದ ಚೌಕ ಗುರುತಿಗೆ, ಜಾರಿ ಹೋಗಬೇಕು, ಆದರೆ ಕೈಕಾಲು ಮುರಿದುಕೊಳ್ಳಬಾರದು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಸ್ಲೈಡಿಂಗ್‌ಗೇ ಮೀಸಲಿಟ್ಟಿದ್ದೇವೆ.

ನಮ್ಮ ತಂಡದ ಹುಡುಗಿಯರಿಗೆ 11ರಿಂದ 13 ವರ್ಷ. ಬಹುತೇಕರು ಖೊ ಖೊ ಆಡಿ ಬಂದವರು. ಬೇಸ್ ಹತ್ತಿರವಾದರೆ ಸಾಕು, ತಲೆ ಮುಂದಾಗಿ ಡೈವ್ ಹೊಡೆಯುತ್ತಾರೆ. ಈ ಅಭ್ಯಾಸ ಬಿಡಿಸಬೇಕೆ?
ದೈಹಿಕ ಶಿಕ್ಷಕಿ, ಸಿಂಧನೂರು

ಬಿಡಿಸಲೇಬೇಕು, ಅದೂ ಮೊದಲ ವಾರದಲ್ಲೇ. ಖೊ ಖೊದಲ್ಲಿ ಡೈವ್ ಹೊಡೆಯುವವಳ ಮುಂದೆ ಖಾಲಿ ನೆಲವಿರುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಮುಂದಿರುವುದು ದಪ್ಪನೆಯ ಬೇಸ್, ಫೀಲ್ಡರ್‌ನ ಮೊಣಕಾಲು, ಮೇಲಿನಿಂದ ಇಳಿದು ಬರುವ ಗ್ಲೌ ಮತ್ತು ಚೆಂಡು. ಬೆರಳು ಬೇಸ್‌ನ ಅಂಚಿಗೆ ಬಡಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತಲೆ ಫೀಲ್ಡರ್‌ನ ಕಾಲಿಗೆ ಬಡಿದರೆ ಪೆಟ್ಟು ಕುತ್ತಿಗೆಗೆ. ಮಕ್ಕಳಿಗಾಗಿ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಅಮೆರಿಕದ ಲಿಟಲ್ ಲೀಗ್ ಸಂಸ್ಥೆಯ, 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರ ವಿಭಾಗಗಳಲ್ಲಿ ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರಿದರೆ ಔಟ್ ಕೊಡುತ್ತಾರೆ. ಬಿಟ್ಟ ಬೇಸ್‌ಗೇ ಹಿಂದಿರುಗುವಾಗ ಮಾತ್ರ ವಿನಾಯಿತಿ ಇದೆ. ಈ ನಿಯಮವನ್ನು ನಿಮ್ಮ ಅಭ್ಯಾಸದಲ್ಲೂ ಜಾರಿಗೆ ತನ್ನಿ. ಡೈವ್ ಹೊಡೆದು ಸೇಫ್ ಆದರೂ, ಅಂದರೆ ಔಟಾಗದೆ ಬೇಸ್ ತಲುಪಿದರೂ, ಔಟ್ ಎಂದೇ ಕರೆಯಿರಿ.

ಖೊ ಖೊ ಮಕ್ಕಳಿಗೆ ಒಂದು ಅನುಕೂಲವೂ ಉಂಟು. ನೆಲಕ್ಕೆ ಮೈ ತಾಗುತ್ತದೆಂಬ ಹೆದರಿಕೆ ಅವರಿಗಿಲ್ಲ. ಸ್ಲೈಡಿಂಗ್ ಕಲಿಕೆಯಲ್ಲಿ ಅರ್ಧ ಕೆಲಸ ಆ ಹೆದರಿಕೆ ಬಿಡಿಸುವುದೇ.

ಸರಿಯಾದ ಸ್ಲೈಡ್ ಅನ್ನು ಮೊದಲಿನಿಂದ ಕಲಿಸುವ ಕ್ರಮ ತಿಳಿಸಿ. ನಮ್ಮಲ್ಲಿ ಯಾವ ಸಲಕರಣೆಯೂ ಇಲ್ಲ.
ತರಬೇತುದಾರ, ಕಾರಟಗಿ

ಬೇಕಾದ ಸಲಕರಣೆ ನಿಮ್ಮೂರಿನ ಗದ್ದೆಯಲ್ಲೇ ಇದೆ. ಅದಕ್ಕೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ: ಸ್ಲೈಡ್ ಎಂದರೆ ಜಿಗಿತವಲ್ಲ, ಓಡುತ್ತಲೇ ಕೂರುವುದು. ‘ಜಿಗಿ’ ಎಂದು ಕೂಗಿದರೆ ಮಗು ಗಾಳಿಗೆ ಏರಿ ಬೆನ್ನೆಲುಬಿನ ತುದಿಯ ಮೇಲೆ ಕುಕ್ಕರಿಸುತ್ತದೆ. ‘ಕೂರು’ ಎಂದರೆ ಮೈ ತಾನೇ ತಗ್ಗುತ್ತದೆ. ಕೋಚ್ ಬಾಯಲ್ಲಿ ಬರಬೇಕಾದ ಪದ ಇದೊಂದೇ.

ಕಲಿಸಬೇಕಾದದ್ದು ‘ನಾಲ್ಕರ ಆಕಾರ’ದ ಸ್ಲೈಡ್. ಒಂದು ಕಾಲು ಬೇಸ್ ಕಡೆ ಚಾಚಿರುತ್ತದೆ, ಇನ್ನೊಂದು ಮಡಚಿ ಅದರ ಮೊಣಕಾಲಿನ ಕೆಳಗೆ ಅಡ್ಡ ಬರುತ್ತದೆ. ಮೇಲಿನಿಂದ ನೋಡಿದರೆ ಇಂಗ್ಲಿಷ್ ಅಂಕಿ 4 ಕಾಣಬೇಕು. ನೆಲಕ್ಕೆ ತಾಗುವುದು ಪೃಷ್ಠದ ಮಾಂಸಲ ಭಾಗ ಮತ್ತು ಮಡಚಿದ ಕಾಲಿನ ಹೊರಮಗ್ಗುಲು. ಮೊಣಕಾಲ ಚಿಪ್ಪು, ಅಂಗೈ, ತಲೆ ಈ ಮೂರೂ ನೆಲ ಮುಟ್ಟಬಾರದು.

ಮೊದಲ ದಿನ ಓಟವೇ ಬೇಡ. ಮಕ್ಕಳನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಒಂದು ಕಾಲು ಮಡಚಿ ಕೂರಲು ಐದಾರು ಸಲ ಹೇಳಿ. ಯಾವ ಕಾಲು ತಾನಾಗಿ ಅಡಿಗೆ ಹೋಗುತ್ತದೆಂದು ಗಮನಿಸಿ ಬರೆದುಕೊಳ್ಳಿ. ಆ ಮಗುವಿಗೆ ಅದೇ ಸರಿ. ಎಲ್ಲರಿಗೂ ಬಲಗಾಲೇ ಮಡಚಿಸುವುದು ತಪ್ಪು. ಒಲ್ಲದ ಕಾಲನ್ನು ಮಡಚಲು ಹೋದ ಮಗು ಓಟದ ಮಧ್ಯೆ ತಡವರಿಸುತ್ತದೆ. ಕೂತ ಮೇಲೆ ನೀವೇ ಕೈಯಿಂದ ಭಂಗಿ ತಿದ್ದಿ. ಗದ್ದ ಎದೆಗೆ ಹತ್ತಿರ, ಬೆನ್ನು ತುಸು ಹಿಂದಕ್ಕೆ ವಾಲಿದ್ದು, ಎರಡೂ ಕೈ ಮುಷ್ಟಿ ಕಟ್ಟಿ ಭುಜಕ್ಕಿಂತ ಮೇಲೆ. ಚಾಚಿದ ಕಾಲಿನ ಮೊಣಕಾಲು ಸ್ವಲ್ಪ ಸಡಿಲ, ಹಿಮ್ಮಡಿ ನೆಲದಿಂದ ನಾಲ್ಕೈದು ಇಂಚು ಮೇಲೆ, ಕಾಲ್ಬೆರಳು ಆಕಾಶಕ್ಕೆ. ಮಡಚಿದ ಕಾಲಿನ ಪಾದ ಅಡ್ಡ ಮಲಗಿರಬೇಕು. ಅದರ ಬೂಟಿನ ಮುಳ್ಳು ನೆಲಕ್ಕೆ ಮುಖ ಮಾಡಿದ್ದರೆ ಜಾರುವಾಗ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ.

ಮುಷ್ಟಿಯ ವಿಷಯದಲ್ಲಿ ಪಟ್ಟು ಸಡಿಲಿಸಬೇಡಿ. ಬೀಳುವಾಗ ಅಂಗೈ ಊರುವುದು ಎಲ್ಲರ ಸಹಜ ಸ್ವಭಾವ, ಮಣಿಕಟ್ಟು ಮುರಿಯುವುದೂ ಹಾಗೆಯೇ. ಪ್ರತಿ ಕೈಗೂ ಒಂದು ಮಡಚಿದ ಕರವಸ್ತ್ರ ಕೊಟ್ಟು ‘ಇದು ಮಣ್ಣಾಗಬಾರದು’ ಎನ್ನಿ. ಮಕ್ಕಳಿಗೆ ಉಪದೇಶಕ್ಕಿಂತ ಇದು ಬೇಗ ಹತ್ತುತ್ತದೆ.

ಎರಡನೇ ದಿನಕ್ಕೆ ತಾಡಪತ್ರಿ ತನ್ನಿ. 18 ಅಡಿ ಉದ್ದ, 12 ಅಡಿ ಅಗಲದ್ದಾದರೆ ಸಾಕು. ನಿಮ್ಮ ಭಾಗದಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಸಮತಟ್ಟಾದ ಜಾಗದಲ್ಲಿ ಆರು ಇಂಚು ದಪ್ಪಕ್ಕೆ ಹರಡಿ, ತುಳಿದು ಸಮ ಮಾಡಿ, ಮೇಲೆ ತಾಡಪತ್ರಿ ಹಾಸಿ. ಹುಲ್ಲು ಹರಡುವಾಗಲೇ ಕೊಡವಿ ನೋಡಿ, ಹಳೆಯ ಬಣವೆಯ ಹುಲ್ಲಿನಲ್ಲಿ ಚೇಳು ಇರುತ್ತವೆ. ಅಂಚಿಗೆ ಕಲ್ಲು, ಇಟ್ಟಿಗೆ ಇಡಬೇಡಿ. ಅಂಚನ್ನು ಮಣ್ಣಿನಲ್ಲಿ ಹೂಳಿ, ಇಲ್ಲವೇ ಮರಳು ತುಂಬಿದ ಚೀಲ ಮೂಲೆಗಿಡಿ. ಎರಡು ಬಕೆಟ್ ನೀರಿಗೆ ಸ್ವಲ್ಪ ಶಾಂಪೂ ಕಲಸಿ ಸುರಿಯಿರಿ. ಬೂಟು ಕಳಚಿ, ಕಾಲುಚೀಲದಲ್ಲೇ ಜಾರಲಿ.

ಒದ್ದೆ ತಾಡಪತ್ರಿಯ ಮೇಲೆ ಯಾರೂ ಓಡಕೂಡದು. ಇಲ್ಲೇ ಹೆಚ್ಚಿನವರು ಎಡವುವುದು. ಓಟ ಒಣ ನೆಲದ ಮೇಲೆ ಮುಗಿಯಬೇಕು, ಕೂರುವುದು ಮಾತ್ರ ತಾಡಪತ್ರಿಯ ಮೇಲೆ ಆಗಬೇಕು. ಹಾಗಾಗಿ ಮಗು ಕೂರಬೇಕಾದ ಜಾಗ ತಾಡಪತ್ರಿಯ ಅಂಚಿನಿಂದ ಒಂದೇ ಹೆಜ್ಜೆ ಒಳಗಿರಲಿ. ಆ ಅಂಚಿಗೆ ಸುಣ್ಣದ ಗೆರೆ ಎಳೆಯಿರಿ. ಮೊದಲು ಮೂರು ಹೆಜ್ಜೆ ನಡೆದು ಕೂರಲಿ, ಆಮೇಲೆ ಐದು ಮೀಟರ್ ಮೆಲ್ಲನೆ ಓಡಿ, ಕೊನೆಗೆ ಹತ್ತು ಹನ್ನೆರಡು ಮೀಟರ್ ಪೂರ್ಣ ವೇಗದಲ್ಲಿ. ಒಂದು ಹಂತದಲ್ಲಿ ಮೂರು ಸಲ ಸತತವಾಗಿ ಕೈ ಮೇಲಿದ್ದು, ಗದ್ದ ಒಳಗಿದ್ದರೆ ಮಾತ್ರ ಮುಂದಿನ ಹಂತ. ಒಂದು ಮಗುವಿಗೆ ಒಂದು ದಿನಕ್ಕೆ ಎಂಟು ಹತ್ತು ಸ್ಲೈಡ್ ಸಾಕು. ದಣಿದ ಮಗು ಕೈ ಇಳಿಬಿಡುತ್ತದೆ.

ಬೇಸಿಗೆಯಲ್ಲಿ ಬೆಳಗಿನ ಎಂಟರೊಳಗೆ ಮುಗಿಸಿ. ಬಿಸಿಲೇರಿದ ತಾಡಪತ್ರಿ ತೊಡೆಯ ಚರ್ಮ ಸುಡುತ್ತದೆ. ಮುಂಗೈಯನ್ನು ಅದರ ಮೇಲೆ ಐದು ಸೆಕೆಂಡ್ ಇಡಲಾಗದಿದ್ದರೆ ಆ ದಿನದ ಅಭ್ಯಾಸ ಮುಗಿಯಿತು ಎಂದುಕೊಳ್ಳಿ.

ಬೇಸ್‌ನಿಂದ ಎಷ್ಟು ದೂರದಲ್ಲಿ ಕೂರಬೇಕು?
8ನೇ ತರಗತಿ ವಿದ್ಯಾರ್ಥಿನಿ, ಕಂಪ್ಲಿ

ನಿನ್ನ ವಯಸ್ಸಿಗೆ ಆರರಿಂದ ಎಂಟು ಅಡಿ. ಓಟ ಚುರುಕಾಗಿದ್ದರೆ ಎಂಟು, ನೆಲ ಒರಟಾಗಿದ್ದರೆ ಆರರ ಹತ್ತಿರ. ನೀನು ಅಂಗಾತ ಮಲಗಿ ಕಾಲು ಬೇಸ್‌ಗೆ ತಾಗಿಸಿದರೆ ತಲೆ ಬರುವ ಜಾಗದಿಂದ ಎರಡು ಮೂರು ಅಡಿ ಹಿಂದೆ ಎಂದು ಗುರುತಿಟ್ಟುಕೊ. ತಡವಾಗಿ ಕೂತರೆ ಇಡೀ ಓಟದ ವೇಗವನ್ನು ಬೇಸ್ ಒಂದೇ ಏಟಿಗೆ ತಡೆಯುತ್ತದೆ, ಆ ಹೊಡೆತ ಕಾಲಗಿಣ್ಣಿಗೆ. ಬೇಗ ಕೂತರೆ ಬೇಸ್ ಮುಟ್ಟದೆ ನಿಂತು ಔಟಾಗುತ್ತೀಯ, ಅಷ್ಟೇ. ಸಂದೇಹವಿದ್ದಾಗ ಬೇಗ ಕೂರುವುದೇ ಲೇಸು.

ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು, ಮಳೆಗೆ ಅಂಟು. ಶಾಲೆಯ ಲಾಂಗ್‌ಜಂಪ್ ಮರಳುಗುಂಡಿಯಲ್ಲಿ ಸ್ಲೈಡಿಂಗ್ ಮಾಡಿಸಬಹುದೆ?
ಶಾಲಾಭಿವೃದ್ಧಿ ಸಮಿತಿ ಸದಸ್ಯ, ಸಿರುಗುಪ್ಪ

ಮರಳುಗುಂಡಿ ಬೇಡ. ಮೆತ್ತಗಿದೆ ಎಂಬುದೇ ಅದರ ದೋಷ. ಲಾಂಗ್‌ಜಂಪ್‌ಗೆ ಬೇಕಾದ್ದು ದೇಹವನ್ನು ಹಿಡಿದು ನಿಲ್ಲಿಸುವ ನೆಲ, ಸ್ಲೈಡಿಂಗ್‌ಗೆ ಬೇಕಾದ್ದು ಹರಿಯಬಿಡುವ ನೆಲ. ಆಳದ ಮರಳಿನಲ್ಲಿ ಹಿಮ್ಮಡಿ ಹೂತು ನಿಂತರೆ ಮೈ ಮಾತ್ರ ಮುಂದೆ ಹೋಗುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಮೊಣಕಾಲು.

ಬಿರಿದ ಎರೆ ಮಣ್ಣೂ ಅಪಾಯವೇ. ಬಿರುಕಿಗೆ ಹಿಮ್ಮಡಿ ಸಿಕ್ಕಿದರೆ ಅದೇ ಕಥೆ. ಇಡೀ ಮೈದಾನ ಬದಲಿಸುವ ಗೊಡವೆ ಬೇಡ. ಸ್ಲೈಡ್ ಆಗುವುದು ಎರಡನೇ ಬೇಸ್, ಮೂರನೇ ಬೇಸ್, ಹೋಮ್ ಪ್ಲೇಟ್ (ಬ್ಯಾಟಿಂಗ್ ಮಾಡುವ, ಓಟ ಮುಗಿಯುವ ಜಾಗ) ಈ ಮೂರರ ಮುಂದೆ ಮಾತ್ರ. ಪ್ರತಿಯೊಂದರ ಮುಂದೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಯಲ್ಲಿ ನಾಲ್ಕು ಇಂಚು ಮಣ್ಣು ತೆಗೆದು ಮಸಾರಿ ಮಣ್ಣು ತುಂಬಿ. ಒಂದು ಪಟ್ಟಿಗೆ ಸುಮಾರು 21 ಘನ ಅಡಿ ಹಿಡಿಯುತ್ತದೆ, ಮೂರಕ್ಕೂ ಒಂದು ಟ್ರ್ಯಾಕ್ಟರ್ ಲೋಡ್ ಸಾಕು. ಗರಸು ಮಾತ್ರ ಹಾಕಿಸಬೇಡಿ, ಅದರ ಹರಳು ಚರ್ಮ ಸುಲಿಯುತ್ತದೆ. ಮಸಾರಿ ಮಣ್ಣನ್ನೂ ಜರಡಿ ಹಿಡಿದೇ ತುಂಬಿ. ನೀರು ಹೊಡೆದು, ದಿಮ್ಮಿಸಿ, ಮೇಲಿನ ಒಂದು ಇಂಚನ್ನು ಮಾತ್ರ ಕೆದರಿ ಸಡಿಲ ಮಾಡಿ. ಅಡಿ ಗಟ್ಟಿ, ಮೇಲ್ಪದರ ಸಡಿಲ. ಆಟದ ಹಿಂದಿನ ಸಂಜೆ ನೀರು ಚಿಮುಕಿಸಿದರೆ ಬೆಳಿಗ್ಗೆ ಹದವಾಗಿರುತ್ತದೆ. ಹೊಸ ಮಣ್ಣಿನ ಅಂಚು ಹಳೆಯ ನೆಲಕ್ಕೆ ಸಮನಾಗಿರಬೇಕು. ಅರ್ಧ ಇಂಚು ಮೆಟ್ಟಿಲು ಉಳಿದರೂ ಎಡವುತ್ತಾರೆ.

ಪ್ರತಿದಿನ ಅಭ್ಯಾಸಕ್ಕೆ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಈ ಪಟ್ಟಿಗಳನ್ನು ಆಯಿಸಿ. ಬಳ್ಳಾರಿ ಜಾಲಿಯ ಮುಳ್ಳು, ನೆಗ್ಗಿಲು ಮುಳ್ಳು, ಗಾಜಿನ ಚೂರು ಗಾಳಿಮಳೆಗೆ ಎಲ್ಲಿಂದಾದರೂ ಬಂದು ಸೇರುತ್ತವೆ.

ಬೇಸ್ ಅಲುಗಾಡಬಾರದೆಂದು ಕಬ್ಬಿಣದ ಗೂಟ ಹೊಡೆದು ಬಿಗಿದಿದ್ದೇವೆ. ಸರಿಯೆ?
ದೈಹಿಕ ಶಿಕ್ಷಕ, ದೇವದುರ್ಗ

ಸ್ಲೈಡಿಂಗ್ ಕಲಿಯುವ ಮಕ್ಕಳಿಗೆ ಸರಿಯಲ್ಲ. 1980ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ವೈದ್ಯರು ಹವ್ಯಾಸಿ ಸಾಫ್ಟ್‌ಬಾಲ್ ಪಂದ್ಯಗಳನ್ನು ಗಮನಿಸಿದರು. ಬಿಗಿದ ಬೇಸ್ ಇದ್ದ 627 ಪಂದ್ಯಗಳಲ್ಲಿ ಸ್ಲೈಡಿಂಗ್‌ನಿಂದ 45 ಗಾಯಗಳಾದವು. ಹೊಡೆತ ಬಿದ್ದಾಗ ಕಳಚಿಕೊಳ್ಳುವ ಬೇಸ್ ಇದ್ದ 633 ಪಂದ್ಯಗಳಲ್ಲಿ ಆದದ್ದು ಎರಡೇ. ಆಟಗಾರರ ಕೌಶಲ ಒಂದೇ ದಿನ ಹೆಚ್ಚಿದ್ದರಿಂದ ಬಂದ ವ್ಯತ್ಯಾಸವಲ್ಲ ಇದು. ಬೇಸ್ ಸೋತು ಕೊಟ್ಟರೆ ಕಾಲು ಉಳಿಯುತ್ತದೆ.

ಕಳಚುವ ಬೇಸ್ ಕೊಳ್ಳಲು ಹಣವಿಲ್ಲದಿದ್ದರೆ ಅಭ್ಯಾಸಕ್ಕೆ ದಪ್ಪ ಬಟ್ಟೆಯಲ್ಲಿ 15 ಇಂಚು ಚೌಕದ ಚೀಲ ಹೊಲಿಸಿ ಭತ್ತದ ಹೊಟ್ಟು ತುಂಬಿ, ಎರಡು ಇಂಚಿಗಿಂತ ದಪ್ಪವಾಗದಂತೆ. ಗೂಟ ಬೇಡ, ತಳ್ಳಿದರೆ ಸರಿಯಲಿ. ಆದರೆ ಈ ಸಡಿಲ ಚೀಲ ಸ್ಲೈಡಿಂಗ್‌ಗೆ ಮಾತ್ರ. ಅದನ್ನು ತುಳಿದು ತಿರುವು ಓಡಿದರೆ ಕಾಲ ಕೆಳಗಿನಿಂದ ಜಾರಿ ಗಿಣ್ಣು ಉಳುಕುತ್ತದೆ.

ಮಗಳಿಗೆ ಮೊಣಕಾಲು ಪ್ಯಾಡ್ ಕೊಡಿಸಬೇಕೆ?
ಪೋಷಕರು, ಗಂಗಾವತಿ

ಅದಕ್ಕಿಂತ ಮೊದಲು ಉದ್ದನೆಯ ಟ್ರ್ಯಾಕ್ ಪ್ಯಾಂಟ್, ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಕೊಡಿಸಿ. ಸರಿಯಾಗಿ ಜಾರಿದರೆ ಮೊಣಕಾಲ ಚಿಪ್ಪು ನೆಲಕ್ಕೆ ತಾಗುವುದೇ ಇಲ್ಲ. ಸವೆಯುವುದು ಮಡಚಿದ ಕಾಲಿನ ಮೀನಖಂಡದ ಹೊರಬದಿ. ಹಳೆಯ ಫುಟ್‌ಬಾಲ್ ಕಾಲುಚೀಲದ ಪಾದ ಕತ್ತರಿಸಿ ಪ್ಯಾಂಟಿನ ಮೇಲೆ ಅಲ್ಲಿಗೆ ಏರಿಸಿದರೆ ಒಳ್ಳೆಯ ರಕ್ಷಣೆ. ರಬ್ಬರ್ ಮುಳ್ಳಿನ ಬೂಟು ಸಾಕು, ಲೋಹದ ಮುಳ್ಳು ಮಕ್ಕಳಿಗೆ ಬೇಡ. ಗಾಜಿನ ಬಳೆ, ಓಲೆ, ಲೋಹದ ಕ್ಲಿಪ್ ಎಲ್ಲ ತೆಗೆದಿಟ್ಟೇ ಮೈದಾನಕ್ಕೆ ಇಳಿಯಲಿ. ಹೆಲ್ಮೆಟ್ ಅಭ್ಯಾಸದಲ್ಲೂ ತಲೆ ಮೇಲಿರಲಿ.

ಅಭ್ಯಾಸದಲ್ಲಿ ಚೆನ್ನಾಗಿ ಜಾರುವ ಹುಡುಗ ಪಂದ್ಯದಲ್ಲಿ ಅರ್ಧಕ್ಕೇ ಮನಸ್ಸು ಬದಲಿಸುತ್ತಾನೆ. ಎರಡು ಸಲ ಕಾಲು ಉಳುಕಿದೆ.
ತರಬೇತುದಾರ, ಕುಷ್ಟಗಿ

ಉಳುಕಿಗೆ ಕಾರಣ ಸ್ಲೈಡ್ ಅಲ್ಲ, ಮನಸ್ಸು ಬದಲಿಸಿದ್ದು. ಅರ್ಧ ಕೂತವನು ಎದ್ದು ನಿಲ್ಲಲು ಪಾದ ಊರುತ್ತಾನೆ, ವೇಗ ಇನ್ನೂ ಇಳಿದಿರುವುದಿಲ್ಲ. ನಿರ್ಧಾರವನ್ನು ಅವನಿಂದ ತೆಗೆದು ಬೇಸ್ ಕೋಚ್‌ಗೆ, ಅಂದರೆ ಬೇಸ್ ಬಳಿ ನಿಂತು ಓಟಗಾರರಿಗೆ ಸನ್ನೆ ಮಾಡುವವರಿಗೆ, ಕೊಡಿ. ಕೋಚ್ ಎರಡೂ ಅಂಗೈ ನೆಲದ ಕಡೆ ತೋರಿಸಿದರೆ ಸ್ಲೈಡ್, ಎರಡೂ ಕೈ ಮೇಲೆತ್ತಿದರೆ ನಿಂತೇ ಬರುವುದು. ಸನ್ನೆ ಬೇಸ್‌ಗೆ ನಾಲ್ಕೈದು ಹೆಜ್ಜೆ ಇರುವಾಗಲೇ ಸಿಗಬೇಕು. ಕೂರಲು ತೊಡಗಿದ ಮೇಲೆ ಚೆಂಡು ಎಲ್ಲಿಗಾದರೂ ಹೋಗಲಿ, ಕೂತೇ ಮುಗಿಸಬೇಕು. ಅಭ್ಯಾಸದ ಪ್ರತಿ ಓಟದಲ್ಲೂ ಎರಡು ಸನ್ನೆಗಳಲ್ಲಿ ಒಂದನ್ನು ಮೊದಲೇ ತಿಳಿಸದೆ ತೋರಿಸಿ. ಆಗ ಪಂದ್ಯದ ಗದ್ದಲದಲ್ಲೂ ಕಣ್ಣು ಕೋಚ್ ಕಡೆಗೇ ಹೋಗುತ್ತದೆ.

ಮೊದಲ ಬೇಸ್‌ಗೂ ಜಾರಬೇಕೆ?
ವಿದ್ಯಾರ್ಥಿ, ಮಸ್ಕಿ

ಬೇಡ. ಬ್ಯಾಟಿಂಗ್ ಮಾಡಿ ಓಡಿದವನು ಮೊದಲ ಬೇಸ್ ತುಳಿದು ನೇರ ಮುಂದೆ ಓಡಿಹೋಗಬಹುದೆಂದು ನಿಯಮವೇ ಇದೆ. ಜಾರಿದರೆ ವೇಗ ಕಳೆದುಕೊಳ್ಳುತ್ತೀಯ. ಅಲ್ಲಿ ಅಕ್ಕಪಕ್ಕ ಕೂಡಿಸಿದ ಜೋಡಿ ಬೇಸ್ ಇದ್ದರೆ ಬಿಳಿಯದ್ದು ಫೀಲ್ಡರ್‌ಗೆ, ಕಿತ್ತಳೆ ಬಣ್ಣದ್ದು ನಿನಗೆ.

ಸ್ಲೈಡಿಂಗ್‌ನಲ್ಲಿ ತೊಡೆ ತರಚಿದರೆ ಅರಿಸಿನ ಹಚ್ಚುತ್ತೇವೆ, ಉಳುಕಿದರೆ ಎಣ್ಣೆ ತಿಕ್ಕಿಸುತ್ತೇವೆ. ಬೇರೇನಾದರೂ ಮಾಡಬೇಕೆ?
ಪೋಷಕರು, ಮಾನ್ವಿ

ಎರಡನ್ನೂ ನಿಲ್ಲಿಸಿ. ತರಚಿದ ಗಾಯದಲ್ಲಿ ಮಣ್ಣು ಉಳಿಯುವುದೇ ಮುಖ್ಯ ತೊಂದರೆ, ಪುಡಿ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಹರಿಯುವ ಶುದ್ಧ ನೀರಿನಡಿ ಐದು ನಿಮಿಷ ಹಿಡಿದು, ಸುತ್ತ ಸೋಪಿನಿಂದ ತೊಳೆದು, ಉಳಿದ ಹರಳನ್ನು ಒದ್ದೆ ಗಾಜ್ ಬಟ್ಟೆಯಿಂದ ತೆಗೆಯಿರಿ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಪಟ್ಟಿ ಹಾಕಿ ದಿನವೂ ಬದಲಿಸಿ. ಧನುರ್ವಾಯು ಲಸಿಕೆ 5–6, 10 ಮತ್ತು 16ನೇ ವಯಸ್ಸಿನಲ್ಲಿ ಸರ್ಕಾರಿ ಪಟ್ಟಿಯಲ್ಲೇ ಇದೆ. ಕಾರ್ಡ್ ತೆಗೆದು ನೋಡಿ, ತಪ್ಪಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿ.

ಉಳುಕಿನ ವಿಷಯ ಇನ್ನೂ ಗಂಭೀರ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವಿದೆ. ದೊಡ್ಡವರಿಗೆ ಕೀಲು ಉಳುಕುವ ಏಟಿಗೆ ಮಕ್ಕಳಲ್ಲಿ ಈ ಪದರವೇ ಬಿರಿಯಬಹುದು. ಅದನ್ನು ತಿಕ್ಕಿ ಎಳೆದರೆ ಎಲುಬು ಜರುಗಿ, ಮುಂದೆ ವಕ್ರವಾಗಿ ಬೆಳೆಯುವ ಅಪಾಯವಿದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15–20 ನಿಮಿಷ ಇಟ್ಟು ಕಾಲು ಎತ್ತರಿಸಿ. ಮಗು ನಾಲ್ಕು ಹೆಜ್ಜೆ ನಡೆಯಲಾರದಿದ್ದರೆ, ಎಲುಬಿನ ಮೇಲೆ ಒತ್ತಿದಾಗ ಚೀರಿದರೆ, ಆಕಾರ ಕೆಟ್ಟಿದ್ದರೆ ಅದೇ ದಿನ ಎಕ್ಸ್‌ರೇ ತೆಗೆಸಿ. ತಲೆ ನೆಲಕ್ಕೆ ಬಡಿದ ಮಗುವನ್ನು ‘ಏನೂ ಆಗಿಲ್ಲ’ ಎಂದರೂ ಅಂದು ಮತ್ತೆ ಆಡಿಸಬೇಡಿ. ವಾಂತಿ, ಹೆಚ್ಚುವ ತಲೆನೋವು, ಮಂಪರು, ಕೇಳಿದ್ದನ್ನೇ ಕೇಳುವುದು ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ.