ಅಪ್ಪ ಕುಡಿದರೆ ಮಗನಿಗೂ ಬರುತ್ತಾ?

ಅಕ್ಕಾ, ಮಾವ ಕುಡೀತಿದ್ದರು, ಗಂಡನೂ ಕುಡೀತಾರೆ, 15 ವರ್ಷದ ಮಗನಿಗೂ ಇದು ರಕ್ತದಲ್ಲೇ ಬಂದಿರುತ್ತಾ ಅಂತ ಕೇಳಿದ್ದೀರಿ. ಇದೇ ಭಯದಲ್ಲಿ ಬೆಳೆದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ರಕ್ತದಲ್ಲಿ ಬರೋದು ಕುಡಿತ ಅಲ್ಲ, ಅದು ಬೇಗ ಅಂಟಿಕೊಳ್ಳೋ ಗುಣ. ಒಬ್ಬರು ಚಟಕ್ಕೆ ಬೀಳ್ತಾರೆ, ಇನ್ನೊಬ್ಬರು ಬೀಳಲ್ಲ ಅಲ್ವಾ, ಆ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಹೆಚ್ಚುಕಡಿಮೆ ಅರ್ಧ. ಅದೂ ಯಾವುದೋ ಒಂದು ಜೀನ್ ಅಲ್ಲ, ಸಣ್ಣಪುಟ್ಟವು ಎಷ್ಟೋ ಸೇರಿ.

ಆದರೆ ಹದಿವಯಸ್ಸಿನ ಲೆಕ್ಕ ಬೇರೆ. ಫಿನ್ಲೆಂಡ್‌ನಲ್ಲಿ ಸಾವಿರಾರು ಅವಳಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. 16ರಲ್ಲಿ ಮನೆ, ಗೆಳೆಯರು, ಊರಿನದೇ ಕೈ ಮೇಲು. 18 ದಾಟುವಾಗ ಜೀನ್ ಪಾಲು ಏರುತ್ತದೆ. ಇನ್ನೊಂದು ವಿಷಯವೂ ಕಂಡಿತು. ಮದ್ಯ ಜಾಸ್ತಿ ಮಾರಾಟವಾಗುವ, ಜನ ಬಂದು ಹೋಗುವ ಕಡೆ ಜೀನ್ ಜೋರು. ಜನ ಹೆಚ್ಚು ಬದಲಾಗದ ಊರಲ್ಲಿ ಅದು ಅಷ್ಟು ತಲೆ ಎತ್ತಲ್ಲ.

ಇದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನಾನು ಮುಳಬಾಗಿಲು ಹತ್ತಿರ ನಮ್ಮೂರಲ್ಲೇ ಉಳಿದೆ. ಅಮ್ಮ ಮುದ್ದೆ ಮುಚ್ಚಿಟ್ಟು ಜಗಲಿ ಮೇಲೆ ಕೂತಿರೋರು. "ಎಲ್ಲಿದ್ದೆ? ಯಾರ ಜೊತೆ?" ಅಂತ ಕೇಳದೆ ಒಂದು ದಿನವೂ ಬಡಿಸಲಿಲ್ಲ. ತಮ್ಮ 16ಕ್ಕೇ ಓದು ಬಿಟ್ಟು ಕೋಲಾರದ ಟೊಮೆಟೊ ಮಂಡಿಗೆ ಹೋದ. ಹಗಲೆಲ್ಲ ಕ್ರೇಟ್ ಎತ್ತೋದು, ರಾತ್ರಿ ರೂಮಲ್ಲಿ ದೊಡ್ಡ ಹುಡುಗರ ಜೊತೆ ಕ್ವಾರ್ಟರ್. ಅಲ್ಲಿ ಕೇಳೋರೇ ಇರಲಿಲ್ಲ. "ಎಷ್ಟು ಹಾಕಿದರೂ ತೂರಾಡಲ್ಲ, ಗಟ್ಟಿ ಹುಡುಗ" ಅಂತ ಹೊಗಳೋರು. ಮನೆಯಲ್ಲಿ ಕುಡುಕರಿದ್ದು, ಕುಡಿದರೂ ಬೇಗ ಏರದ ಹುಡುಗರಿಗೇ ಮುಂದೆ ಅಪಾಯ ಜಾಸ್ತಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆಗಲೇ ಗೊತ್ತಿದ್ದರೆ ಅವನನ್ನು ವಾಪಸ್ ಕರೆದುಕೊಂಡು ಬರ್ತಿದ್ದೆ.

ನಿಮ್ಮ ಮಗ ಇನ್ನೂ ನಿಮ್ಮ ಕಣ್ಣೆದುರೇ ಇದ್ದಾನೆ. ಅವನ ಗೆಳೆಯರನ್ನು ಮನೆಗೆ ಕರೆದು ಊಟ ಹಾಕಿ, ಹೆಸರು ತಿಳ್ಕೊಳ್ಳಿ. ಅಪ್ಪನಿಗೆ ಬಾಟಲಿ ತರೋಕೆ ಅವನನ್ನು ಯಾವತ್ತೂ ಕಳಿಸಬೇಡಿ. ತಾತನ ವಿಷಯ, ಅಪ್ಪನ ವಿಷಯ ಮುಚ್ಚಿಡದೆ ಹೇಳಿ, ಬೈಯುತ್ತಾ ಅಲ್ಲ, ಸುಮ್ನೆ ಪಕ್ಕದಲ್ಲಿ ಕೂತು. ಗಂಡನ ವಿಷಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೇಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ.