‘ಯಾರರ ನನಗ ಮೇಡಂ ಅಂತಿದ್ರು’

ಎಚ್-4 ವೀಸಾದ ಮೇಲೆ ಅಮೆರಿಕಕ್ಕೆ ಹೋಗಿ, ಕೆಲಸದ ಕಾರ್ಡ್ ಯಾವಾಗ ಬರುತ್ತದೋ ಎಂದು ಕಾಯುತ್ತಾ ಕೂತ ಹೆಣ್ಣುಮಕ್ಕಳ ವಿಷಯ ಕಲಬುರಗಿಗೆ ಈಗ ಹೊಸದಲ್ಲ. ಮೊದಲೆಲ್ಲ ಇದು ಬೆಂಗಳೂರಿನವರ ಕಥೆ ಅಂದುಕೊಳ್ಳುತ್ತಿದ್ದೆವು. ಈಗ ಸೇಡಂ ರಸ್ತೆಯ ಬಡಾವಣೆಗಳಲ್ಲಿ ಯಾರ ಮನೆಗೆ ಹೋದರೂ ಮಗನೋ ಅಳಿಯನೋ ಡಲ್ಲಾಸ್‌ನಲ್ಲಿದ್ದಾನೆ, ಇಲ್ಲಾ ನ್ಯೂಜೆರ್ಸಿಯಲ್ಲಿದ್ದಾನೆ. ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಮೊದಲು ಬರುವವರು ಸಾಮಾನ್ಯವಾಗಿ ಅಮ್ಮಂದಿರು. ಮಗಳು ಆಮೇಲೆ ಫೋನಿನ ಪರದೆಯಲ್ಲಿ ಬರುತ್ತಾಳೆ.

ಇಂಥ ಹಲವು ಪ್ರಕರಣಗಳಲ್ಲಿ ಇದೊಂದನ್ನೇ ಬರೆಯಲು ಕಾರಣ ಇದೆ. ಇದರಲ್ಲಿ ನಾನು ಕೊಟ್ಟ ಸಲಹೆ ಕೇಳಿ ನನ್ನ ವೃತ್ತಿಯ ಗೆಳತಿಯರೇ ಬೈದರು. ಅವರಿಗೆ ಉತ್ತರ ಹೇಳುವುದು ಬಾಕಿ ಉಳಿದಿದೆ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಕೇಳಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಎಂಎಸ್ಸಿ ಫಿಸಿಕ್ಸ್. ಮದುವೆಗೆ ಮುಂಚೆ ಇಲ್ಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಬಳ ಕಡಿಮೆ, ಹೆಸರು ಜಾಸ್ತಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೊಂಡು, ಉಪನ್ಯಾಸಕರ ನೇಮಕಾತಿಗೆ ಓದುತ್ತಿದ್ದರು. ಅಷ್ಟರಲ್ಲಿ ಡಲ್ಲಾಸ್‌ನ ಸಾಫ್ಟ್‌ವೇರ್ ಹುಡುಗನ ಸಂಬಂಧ ಬಂತು. ಹುಡುಗ ಒಳ್ಳೆಯವನೇ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕಲು ಹೋದರೆ ಯಾರೂ ಸಿಗುವುದಿಲ್ಲ. ಅದೇ ಇದರ ಕಷ್ಟ.

ತಾಯಿ ಬಂದು ಹೇಳಿದ್ದು ಇಷ್ಟು: “ಫೋನ್ ಎತ್ತಿದ್ರ ಎರಡೇ ಮಾತು ಆಡ್ತಾಳ್ರಿ ಮೇಡಂ. ಊಟ ಆಯ್ತು, ಇಡ್ತೀನಿ ಅಂತಾಳ. ಆಕಿನ್ನ ವಾಪಸ್ ಕರಸ್ಕೊಂಡ್ ಬಿಡ್ಲೇನ್ರಿ?”

ಮುಂದಿನದು ಅರ್ಥವಾಗಲು ಕಾಗದದ ಲೆಕ್ಕ ಸ್ವಲ್ಪ ತಿಳಿದಿರಬೇಕು. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಗಂಡ ಅಥವಾ ಹೆಂಡತಿಗೆ ಸಿಗುವುದು ಎಚ್-4. ಅದರಲ್ಲಿ ಇರಬಹುದು, ಓದಬಹುದು, ದುಡಿಯುವಂತಿಲ್ಲ. 2015ರ ಮೇ 26ರಿಂದ ಒಂದು ದಾರಿ ತೆರೆಯಿತು. ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಆಧಾರದ ಮೇಲೆ ಆತನ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿದ್ದರೆ, ಹೆಂಡತಿ ಐ-765 ನಮೂನೆ ತುಂಬಿ ಕೆಲಸದ ಪರವಾನಗಿ ಕೇಳಬಹುದು. ಇಎಡಿ ಕಾರ್ಡ್ ಅನ್ನುವುದು ಇದಕ್ಕೇ. ಅಂದರೆ ಕಾಯುವುದು ಎರಡು ಸಲ. ಮೊದಲು ಗಂಡನ ಕಂಪನಿ ಪರ್ಮ್ (ಅಲ್ಲಿನ ಕಾರ್ಮಿಕ ಇಲಾಖೆಯ ಒಪ್ಪಿಗೆ), ಐ-140 ಎಲ್ಲ ಮುಗಿಸುವವರೆಗೆ. ಆಮೇಲೆ ತನ್ನ ಕಾರ್ಡ್ ಕೈಗೆ ಬರುವವರೆಗೆ. ಐ-140 ಆಗುವ ಮುಂಚೆ ಗಂಡ ಕಂಪನಿ ಬದಲಿಸಿದರೆ ಹೊಸ ಕಂಪನಿ ಮತ್ತೆ ಮೊದಲಿಂದ ಶುರು ಮಾಡಬೇಕು.

ಇವರದ್ದು ಎರಡನೇ ಕಾಯುವಿಕೆ. ಐ-140 ಆಗಿತ್ತು, ಆಕೆಯ ಅರ್ಜಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ಅದೇ ಅಪಾರ್ಟ್‌ಮೆಂಟಿನಲ್ಲಿ ಎಲ್-2 ವೀಸಾದ (ಕಂಪನಿಯೇ ಅಲ್ಲಿನ ಕಚೇರಿಗೆ ವರ್ಗ ಮಾಡಿದ ಎಲ್-1 ನೌಕರರ ಸಂಗಾತಿಗೆ ಸಿಗುವುದು) ತೆಲುಗು ಹುಡುಗಿಯೊಬ್ಬಳು ಬಂದ ತಿಂಗಳಲ್ಲೇ ಕೆಲಸಕ್ಕೆ ಹೊರಟಳು. ಎಲ್-2 ಸಂಗಾತಿಗಳಿಗೆ 2021ರ ನವೆಂಬರ್‌ನಿಂದ ಬೇರೆ ಕಾರ್ಡ್ ಬೇಕಿಲ್ಲ, ವೀಸಾದ ಸ್ಥಾನವೇ ಕೆಲಸದ ಅನುಮತಿ. ಇದನ್ನು ಕಲಬುರಗಿಯ ಅತ್ತೆಗೆ ಯಾರು ವಿವರಿಸಬೇಕು? “ಆಕಿ ಹೋಗ್ತಾಳ, ನೀ ಯಾಕ ಮನ್ಯಾಗ ಕುಂತಿ?” ಎಂದು ವಿಡಿಯೊ ಕಾಲ್‌ನಲ್ಲಿ ಕೇಳಿಬಿಟ್ಟರು. ಮಳೆ ಬಾರದಿದ್ದರೆ ತೊಗರಿ ಬಿತ್ತಿದವನನ್ನು ನಾವು ಸೋಮಾರಿ ಅನ್ನುವುದಿಲ್ಲ. ಕಾರ್ಡ್ ಬಾರದಿದ್ದರೆ ಮಾತ್ರ ಅನ್ನುತ್ತೇವೆ.

ಆಕೆ ಮನೆಯಲ್ಲಿ ಸುಮ್ನೆ ಕೂತಿರಲಿಲ್ಲ. ಯಾರಿಗೂ ಹೇಳದೆ ಆನ್‌ಲೈನ್ ಪಾಠ ಶುರು ಮಾಡಿದ್ದರು. ಅಲ್ಲಿ ರಾತ್ರಿ ಎಂಟೂವರೆ, ಇಲ್ಲಿ ಬೆಳಗ್ಗೆ ಏಳು. ಗಂಡ ಅದೇ ಹೊತ್ತಿಗೆ ಆಫೀಸಿನ ಕಾಲ್‌ನಲ್ಲಿ ಕೂತಿರುತ್ತಿದ್ದ. ಇಲ್ಲಿನ ದ್ವಿತೀಯ ಪಿಯು ಹುಡುಗರು, ಸಿಇಟಿಗೆ ಓದುವವರು. ಫೀಸು ಅಪ್ಪನ ಖಾತೆಗೆ ಬೀಳುತ್ತಿತ್ತು. ಗಂಡನಿಗೆ ಗೊತ್ತಾಗಿದ್ದು ಹೇಗೆ ಅಂದರೆ, ಅವನ ದೂರದ ಸಂಬಂಧಿಯೊಬ್ಬರು ಹಬ್ಬಕ್ಕೆ ಫೋನ್ ಮಾಡಿ, “ನಿಮ್ಮ ಮಿಸೆಸ್ ನಮ್ಮ ಹುಡುಗಗ ಭಾಳ ಚಲೋ ಹೇಳ್ಕೊಡ್ತಾರ ನೋಡ್ರಿ” ಎಂದು ಹೊಗಳಿದರು. ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು.

ಜಂಟಿ ಸೆಷನ್‌ಗೆ ಇಬ್ಬರೂ ಬಂದರು. ಒಂದೇ ಮನೆ, ಎರಡು ಕೋಣೆ, ಎರಡು ಫೋನ್. ಒಬ್ಬರು ಮಾತಾಡಿದರೆ ಇನ್ನೊಬ್ಬರ ಫೋನಿನಲ್ಲಿ ಅದೇ ಮಾತು ತಿರುಗಿ ಕೇಳಿ ಕಿವಿ ಕಿತ್ತು ಹೋಗುತ್ತಿತ್ತು. “ಒಂದು ಫೋನ್ ಬಂದ್ ಮಾಡ್ರಿ, ಇಬ್ರೂ ಒಂದೇ ಕಡೆ ಕೂಡ್ರಿ” ಅಂದೆ. ಗಂಡ ಎದ್ದು ಆಕೆಯ ಕೋಣೆಗೆ ಬಂದ. ಮುಖ ನೋಡಲಿಲ್ಲ.

ಮೊದಲು ಆತ ಮಾತಾಡಿದ. “ಮೇಡಂ, ನಾ ದುಡೀಬ್ಯಾಡ ಅಂದಿಲ್ರಿ. ಇದು ನಿಯಮಕ್ಕ ವಿರುದ್ಧ ಆಗ್ತದ. ನನ್ನ ಕೆಲಸ ಹೋದ್ರ ಅರವತ್ತು ದಿನದಾಗ ಗಂಟು ಮೂಟೆ ಕಟ್ಬೇಕು. ಇಕಿ ಅದನ್ನ ವಿಚಾರ ಮಾಡಿಲ್ಲ.” ಮಾತೆಲ್ಲ ನನ್ನ ಕಡೆ. ಆಕೆ ಪಕ್ಕದಲ್ಲೇ ಇದ್ದರೂ “ಇಕಿ” ಅನ್ನುತ್ತಿದ್ದ.

ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ರೊಕ್ಕ ಬೇಕಾಗಿತ್ತಾ ಎಂದು ನಾನೇ ಕೇಳಿದೆ. ಹಾಗೆ ಕೇಳಿದ್ದಕ್ಕೆ ಸಿಟ್ಟು ಬಂತು ಅನಿಸುತ್ತದೆ, ದನಿ ಏರಿತು.

“ರೊಕ್ಕದ ಸಲುವಾಗಿ ಅಲ್ರಿ. ವಾರದಾಗ ನಾಲ್ಕು ದಿನ ಯಾರರ ನನಗ ಮೇಡಂ ಅಂತಿದ್ರು. ಡೌಟ್ ಕೇಳ್ತಿದ್ರು. ಉಳಿದ ದಿನ ಏನರ ಫಾರಂ ತುಂಬಿದ್ರ ಡಿಪೆಂಡೆಂಟ್ ಅಂತ ಬರೀಬೇಕು. ಬ್ಯಾಂಕಿಗೆ ಹೋದ್ರ ಇವರ ಹೆಸರು, ಡಾಕ್ಟರ್ ಕಡೆ ಹೋದ್ರ ಇವರ ಇನ್ಶೂರೆನ್ಸ್. ತಲಿಗಿ ಹಚ್ಚೋ ಎಣ್ಣಿ ತರ್ಬೇಕಂದ್ರೂ ಇವರ ಕಾರ್ಡ್ ಒಯ್ಬೇಕು. ಇವರು ಎಂದೂ ಕೇಳಿಲ್ಲ ಯಾಕ ಖರ್ಚು ಮಾಡ್ದಿ ಅಂತ. ಖರೇನೇ. ಆದ್ರ ಪ್ರತಿ ಸಲ ಇವರ ಫೋನಿಗಿ ಮೆಸೇಜ್ ಹೋಗ್ತದಲ್ರಿ, ನಾ ಏನು ತಗೊಂಡೆ ಅಂತ?”

ಗಂಡ ಈಗ ಆಕೆಯ ಕಡೆ ತಿರುಗಿದ. “ನಾ ಕೊಡೋದು ಕಡಿಮಿ ಬಿದ್ದದ ಅಂದ್ಕೊಂಡಿದ್ದೆ. ಅದಕ್ಕ ನಾಚಿಕಿ ಆಗಿತ್ತು” ಅಂದ. ಅಷ್ಟು ದಿನ ಅವನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನಿಯಮದ ಭಯ ಒಂದೇ ಕಾರಣ ಅಲ್ಲ. ಹೆಂಡತಿ ತವರಿನ ಖಾತೆಗೆ ರೊಕ್ಕ ಸೇರಿಸುತ್ತಿದ್ದಾಳೆ ಅಂದರೆ ತನ್ನ ಮರ್ಯಾದೆ ಹೋಯಿತು ಎಂದು ಲೆಕ್ಕ ಹಾಕಿಕೊಂಡು ಕೂತಿದ್ದ. ಆಕೆಗೆ ಆ ಲೆಕ್ಕವೇ ಗೊತ್ತಿರಲಿಲ್ಲ.

ಇನ್ನು ನನಗೆ ಬೈಗುಳ ತಂದ ಸಲಹೆ. ಪಾಠ ಇವತ್ತೇ ನಿಲ್ಲಿಸಿ ಅಂದೆ. ವಕೀಲರನ್ನು ಕೇಳಿ, ಅವರು ಬರಹದಲ್ಲಿ ಹೌದು ಅನ್ನುವವರೆಗೆ ಬೇಡ. ನಾನು ವಕೀಲೆ ಅಲ್ಲ. ಆದರೆ ಹುಡುಗರು ಇಲ್ಲಿದ್ದರೂ, ಫೀಸು ಇಲ್ಲಿ ಬಿದ್ದರೂ, ದುಡಿಯುವ ವ್ಯಕ್ತಿ ಅಮೆರಿಕದಲ್ಲಿ ಕೂತಿದ್ದರೆ ಅದು ಅಲ್ಲಿನ ದುಡಿಮೆಯೇ ಎಂದು ವಲಸೆ ವಕೀಲರು ಸಾಮಾನ್ಯವಾಗಿ ಎಚ್ಚರಿಸುತ್ತಾರೆ. ಮುಂದೊಂದು ದಿನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ, ಅನುಮತಿ ಇಲ್ಲದೆ ಎಂದಾದರೂ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಆಕೆ ಸುಳ್ಳು ಬರೆಯಬೇಕು, ಇಲ್ಲಾ ತೊಂದರೆ ಮೈಮೇಲೆ ಎಳೆದುಕೊಳ್ಳಬೇಕು. ಅವರ ವಕೀಲರೂ ಎರಡೇ ಸಾಲಿನಲ್ಲಿ ಉತ್ತರ ಬರೆದರು: ನಿಲ್ಲಿಸಿ.

“ಆ ಹುಡುಗಿಗೆ ಉಸಿರಾಡಲು ಇದ್ದ ಒಂದೇ ಕಿಟಕಿ, ಅದನ್ನೂ ಮುಚ್ಚಿದೆಯಲ್ಲ” ಎಂದು ಗೆಳತಿಯೊಬ್ಬಳು ಅಂದಳು. ಇನ್ನೊಬ್ಬಳು, ನೀನು ಗಂಡನ ಪರ ನಿಂತೆ ಅಂದಳು. ನಾನು ನಿಂತದ್ದು ಆಕೆಯ ಕಾರ್ಡಿನ ಪರ. ಗುಟ್ಟಾಗಿ ಮಾಡುವ ಕೆಲಸ ಒಳಗಿನ ಸಂಕಟಕ್ಕೆ ಮದ್ದಾಗುವುದನ್ನು ನಾನು ಕಂಡಿಲ್ಲ. ಪ್ರತಿ ಫೋನ್ ಗಂಟೆಗೂ ಎದೆ ಹೊಡೆದುಕೊಳ್ಳುತ್ತದೆ. ಆಕೆಗೆ ಬೇಕಿದ್ದದ್ದು ತನ್ನದೇ ಹೆಸರಿನ ಗುರುತು. ಈ ಪಾಠಕ್ಕೆ ಅಪ್ಪನ ಖಾತೆ ಬೇಕಿತ್ತು, ಗಂಡನಿಗೆ ಗೊತ್ತಾಗದ ಹೊತ್ತು ಬೇಕಿತ್ತು. ಅದರಲ್ಲಿ ಆಕೆಯ ಹೆಸರೇ ಇರಲಿಲ್ಲ. ಗೆಳತಿಯರು ಇದನ್ನು ಒಪ್ಪಿಲ್ಲ. ನಾನೂ ಸಲಹೆ ಬದಲಿಸಿಲ್ಲ.

ಆದರೆ ನಿಲ್ಲಿಸಿ ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದರೆ ಗೆಳತಿಯರ ಮಾತೇ ಸರಿ ಆಗುತ್ತಿತ್ತು. ಅದೇ ಸೆಷನ್‌ನಲ್ಲಿ ಕೇಳಿದೆ: ನಿಮ್ಮ ಅರ್ಜಿಯ ರಸೀದಿ ಸಂಖ್ಯೆ ಎಷ್ಟು? ಮೂರು ಅಕ್ಷರ, ಹತ್ತು ಅಂಕಿ ಇರುತ್ತದೆ. ಆಕೆಗೆ ಗೊತ್ತಿರಲಿಲ್ಲ. ಕಂಪನಿಯ ವಕೀಲರು ಎಲ್ಲವನ್ನೂ ಗಂಡನ ಇಮೇಲ್‌ಗೆ ಕಳಿಸುತ್ತಿದ್ದರು. ಐ-765ಕ್ಕೆ ಸಹಿ ಹಾಕಿದ್ದು ಆಕೆ, ಅರ್ಜಿದಾರಳು ಆಕೆ, ಆದರೆ ಸುದ್ದಿ ಬರುವುದು ಗಂಡನಿಗೆ. ಸಂಜೆ ಅವನು ಮನೆಗೆ ಬಂದಾಗ “ಏನರ ಬಂತೇನ್ರಿ?” ಎಂದು ಕೇಳುವುದು, ಅವನು ತಲೆ ಅಲ್ಲಾಡಿಸುವುದು. ಕೇಳಿ ಕೇಳಿ ಆಕೆಗೆ ಸಾಕಾಗಿತ್ತು, ಇಲ್ಲ ಅಂದು ಅಂದು ಅವನಿಗೂ ಸಾಕಾಗಿತ್ತು. ಆ ದಿನವೇ ರಸೀದಿಯ ಪ್ರತಿ ಆಕೆಯ ಇಮೇಲ್‌ಗೆ ಹೋಯಿತು. ವಲಸೆ ಇಲಾಖೆಯ ತಾಣದಲ್ಲಿ ಆಕೆಯೇ ಖಾತೆ ತೆರೆದರು. ವಕೀಲರಿಗೆ ಪ್ರಶ್ನೆ ಇದ್ದರೆ ಆಕೆಯೇ ಬರೆಯಬೇಕು, ಗಂಡನಿಗೆ ಪ್ರತಿ. ಬೇಕಿದ್ದರೆ ಇದನ್ನು ಸಣ್ಣ ವಿಷಯ ಅನ್ನಿ. ಇಂಥ ಪ್ರತಿ ಮನೆಗೂ ನಾನು ಮೊದಲು ಹೇಳುವುದು ಇದನ್ನೇ.

ದುಡ್ಡಿನ ವಿಷಯ ಬೇಗ ಮುಗಿಯಿತು. ಮನೆಖರ್ಚು ಬಿಟ್ಟು ಪ್ರತಿ ತಿಂಗಳು ಒಂದು ಗೊತ್ತಾದ ಮೊತ್ತ ಆಕೆಯ ಹೆಸರಿನ ಖಾತೆಗೆ. ಮೆಸೇಜ್ ಆಕೆಗೆ ಮಾತ್ರ. ಲೆಕ್ಕ ಕೇಳುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ.

ಕನ್ನಡ ಸಂಘದವರ ವಾರಾಂತ್ಯದ ತರಗತಿಗಳಲ್ಲಿ ಸ್ವಯಂಸೇವಕಿಯಾಗಿ ಪಾಠ ಮಾಡುತ್ತೀರಾ, ವಕೀಲರನ್ನು ಕೇಳಿ ನೋಡಿ ಎಂದೂ ಹೇಳಿದೆ. ಕಡ್ಡಿ ಮುರಿದ ಹಾಗೆ ಬೇಡ ಅಂದರು. “ನಾ ಫಿಸಿಕ್ಸ್ ಮೇಡಂ ಇದೀನ್ರಿ. ಅ ಆ ಇ ಈ ಹೇಳ್ಕೊಡೋ ತಾಳ್ಮಿ ನನಗಿಲ್ಲ.” ಬಿಟ್ಟುಬಿಟ್ಟೆ. ಕಾಯುವವರಿಗೆ “ಟೈಮ್ ಅದ, ಏನರ ಮಾಡು” ಅನ್ನುವವರು ಊರ ತುಂಬ ಇದ್ದಾರೆ. ಆ ಗುಂಪಿಗೆ ನಾನೂ ಸೇರಬೇಕಿಲ್ಲ.

ಉಳಿದದ್ದು ತಾಯಿಯ ಪ್ರಶ್ನೆ, ವಾಪಸ್ ಕರೆಸಲೇ? ನೀವು ಕರೆಸಬೇಡಿ ಅಂದೆ. ಬರುವುದಿದ್ದರೆ ಆಕೆಯೇ ತೀರ್ಮಾನ ಮಾಡಿ ಬರಲಿ. ಗಂಡ ಹೆಂಡತಿ ಕೂತು ಒಂದು ತಾರೀಖು ಗೊತ್ತು ಮಾಡಿದರು. ಅಷ್ಟರೊಳಗೆ ಕಾರ್ಡ್ ಬಾರದಿದ್ದರೆ ಮೂರು ದಾರಿ ನೋಡುವುದು: ಅಲ್ಲೇ ಓದು, ಏಕೆಂದರೆ ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ, ಇಲ್ಲಿನ ನೇಮಕಾತಿ ಪರೀಕ್ಷೆಗೆ ಬಂದು ಕೂರುವುದು, ವಯೋಮಿತಿ ಯಾರಿಗೂ ಕಾಯುವುದಿಲ್ಲ, ಇಲ್ಲಾ ಇಬ್ಬರೂ ಬೇರೆ ದೇಶದ ಕೆಲಸ ಹುಡುಕುವುದು. ತಾರೀಖು ವಲಸೆ ಇಲಾಖೆಯ ಕೈಯಲ್ಲಿದ್ದಾಗ ಮನುಷ್ಯ ಕುಗ್ಗುತ್ತಾನೆ. ಅದರ ಪಕ್ಕ ತಮ್ಮದೇ ಒಂದು ತಾರೀಖು ಇಟ್ಟುಕೊಂಡರೆ ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ. ತಾಯಿಗೆ ಈ ಮಾತು ಹಿಡಿಸಲಿಲ್ಲ. “ಹೆತ್ತಾಕಿ ಕರೆಸಿದ್ರ ತಪ್ಪೇನ್ರಿ?” ಎಂದು ಎದ್ದು ಹೋದರು.

ಸಾಯುವ ಯೋಚನೆ ಬರುತ್ತದಾ ಎಂದು ಶುರುವಿನಲ್ಲೇ ಆಕೆಯನ್ನು ನೇರ ಕೇಳಿದ್ದೆ. ಬರುವುದಿಲ್ಲ ಅಂದರು. ಆದರೂ ಅಲ್ಲಿನ 988 ಸಹಾಯವಾಣಿಯ ಸಂಖ್ಯೆ ಕೊಟ್ಟಿದ್ದೆ. ಅಮೆರಿಕದಲ್ಲಿ ಮಕ್ಕಳಿರುವ ತಂದೆತಾಯಿಗಳೂ ಇದನ್ನು ಬರೆದಿಟ್ಟುಕೊಳ್ಳಿ. ಹಗಲು ರಾತ್ರಿ ಇರುತ್ತದೆ.

ಹೆಣ್ಣು ಕೊಡುವವರಿಗೆ ಒಂದು ಮಾತು. ಹುಡುಗನ ಪ್ಯಾಕೇಜ್ ಕೇಳುತ್ತೀರಿ, ಮನೆ ಇದೆಯಾ ಕೇಳುತ್ತೀರಿ, ಕುಡಿಯುತ್ತಾನಾ ಎಂದು ಅವನ ರೂಮ್‌ಮೇಟ್‌ವರೆಗೂ ವಿಚಾರಿಸುತ್ತೀರಿ. ವೀಸಾ ಯಾವುದು, ಎಚ್-1ಬಿಯಾ ಎಲ್-1ಆ, ಎಷ್ಟನೇ ವರ್ಷ, ಐ-140 ಆಗಿದೆಯಾ ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿ. ಕಂಕಣ ಕಟ್ಟುವ ಮುಂಚೆ ಹುಡುಗಿಯೇ ಕೇಳಲಿ. “ಹೋದ ಮ್ಯಾಲ ಎಲ್ಲಾ ಆಗ್ತದ” ಅನ್ನುವ ಮಾತಿಗೆ ಮರುಳಾಗಬೇಡಿ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾತಿ ಹೋದ ಮೇಲೆ ಕೆಲಸ ಹುಡುಕಬಹುದು, ಬೇರೆ ಪರವಾನಗಿ ಬೇಡ. ಅಮೆರಿಕದ ಎಚ್-4 ಹಾಗಲ್ಲ. ಮಗಳು ಎರಡು ವರ್ಷ ಕಾಯಬೇಕಾಗಬಹುದು ಎಂದು ಗೊತ್ತಿದ್ದೇ ಹೋದರೆ ಅದು ಬೇರೆ, ವಿಮಾನ ಇಳಿದ ಮೇಲೆ ಗೊತ್ತಾದರೆ ಬೇರೆ.

ಅವರು ಗೊತ್ತು ಮಾಡಿದ ತಾರೀಖಿಗೆ ಮುಂಚೆಯೇ ಕಾರ್ಡ್ ಬಂತು. ಬಂದ ಮರುದಿನವೇ ಕೆಲಸ ಸಿಗಲಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಲು ಇಲ್ಲಿನ ಡಿಗ್ರಿಯನ್ನು ಮೌಲ್ಯಮಾಪನ ಮಾಡಿಸಬೇಕು, ಶಿಕ್ಷಕರ ಪ್ರಮಾಣಪತ್ರ ಬೇಕು. ಅದಕ್ಕೆ ಓದುತ್ತಿದ್ದಾರೆ. ಕಾರ್ಡಿನ ಅವಧಿ ಗಂಡನ ವೀಸಾದ ಅವಧಿಗೇ ಕಟ್ಟಿಬಿದ್ದಿದೆ. ಈ ಹಿಂದೆ ನವೀಕರಣದ ಅರ್ಜಿ ಹಾಕಿದವರಿಗೆ 540 ದಿನದವರೆಗೆ ತಾನಾಗಿ ವಿಸ್ತರಣೆ ಸಿಗುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕುವ ಅರ್ಜಿಗಳಿಗೆ ಅದು ಇಲ್ಲ. ಅವಧಿ ಮುಗಿಯುವ 180 ದಿನ ಮುಂಚೆಯೇ ಅರ್ಜಿ ಹಾಕಬಹುದು. ಆ ದಿನವನ್ನು ಆಕೆ ತಮ್ಮ ಫೋನಿನಲ್ಲಿ ಗುರುತು ಹಾಕಿಟ್ಟಿದ್ದಾರೆ. ಗಂಡನ ಫೋನಿನಲ್ಲೂ ಹಾಕಿಸಿದ್ದಾರಂತೆ.