ಒಮ್ಮೆ ಮಾತ್ರ ಕರೆಯುವ ಊರು

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಎರಡು ದಿನವಾಯಿತು. ಯಜಮಾನರಿಗೆ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನ ಆಸ್ಪತ್ರೆಯಲ್ಲಿ ಕೆಲಸ, ಬಾಡಿಗೆ ಮನೆ ಸಿಕ್ಕಿರುವುದು ಮ್ಯಾಟ್‌ಲಾಕ್ ಹತ್ತಿರದ ಹಳ್ಳಿಯಲ್ಲಿ, ಜೂನ್ ಮೊದಲ ವಾರ ಬಂದಿಳಿಯುತ್ತೀರಿ ಎಂದು ಬರೆದಿದ್ದೀಯ. ಸಾಗರದಲ್ಲಿರುವ ನಿನ್ನ ಅಮ್ಮನಿಗೆ ದಿನಕ್ಕೊಂದು ಫೋಟೋ ಕಳಿಸುವುದಾಗಿ ಮಾತು ಕೊಟ್ಟಿದ್ದೀಯಂತೆ. "ಹಗಲಿಡೀ ಒಬ್ಬಳೇ ಇರಬೇಕು ಅಕ್ಕ, ಅಲ್ಲಿ ಬೇಸಿಗೆ ಹೇಗಿರುತ್ತದೆ, ಜನ ಮಾತನಾಡಿಸುತ್ತಾರೆಯೇ, ಫೋಟೋ ತೆಗೆದರೆ ಬೈಯುತ್ತಾರೆಯೇ" ಎಂದು ನೀನು ಕೇಳಿದ್ದನ್ನು ಓದುವಾಗ 2004ರ ನನ್ನ ಜೂನ್ ತಿಂಗಳು ಕಣ್ಣೆದುರು ಬಂತು. ನಾನೂ ಶಿರಸಿಯಿಂದ ನೇರವಾಗಿ ಬಂದಿಳಿದದ್ದು ಬೇಕ್‌ವೆಲ್ ಹತ್ತಿರದ ಹಳ್ಳಿಗೆ. ನಾನೂ ನನ್ನ ಅಮ್ಮನಿಗಾಗಿ ದಿನಕ್ಕೊಂದು ಫೋಟೋ ತೆಗೆದವಳು.

ಸಾಮಾನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ತುಪ್ಪ ತರಬೇಡ, ಹಾಲಿನ ಪದಾರ್ಥಗಳನ್ನು ಭಾರತದಿಂದ ಒಳಗೆ ಬಿಡುವುದಿಲ್ಲ. ಇಲ್ಲಿಯ ಬೆಣ್ಣೆ ಕಾಯಿಸಿದರೆ ಘಮಘಮಿಸುವ ತುಪ್ಪವಾಗುತ್ತದೆ. ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಇರಲಿ. ಉಳಿದದ್ದು ಶೆಫೀಲ್ಡಿನಲ್ಲೋ ಡರ್ಬಿಯಲ್ಲೋ ಸಿಗುತ್ತದೆ. ನಮ್ಮ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳು ಕಾರು ಓಡಿಸಬಹುದು, ಆಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಹಳ್ಳಿಯ ಬಸ್ಸನ್ನೇ ನಂಬಿ ಕೂರಬೇಡ.

ಬೇಸಿಗೆ ಎಂಬ ಮಾತು ಕೇಳಿ ಹತ್ತಿ ಸೀರೆಗಳನ್ನೇ ತುಂಬಿಕೊಂಡು ಬರಬೇಡ. ಜೂನ್‌ನಲ್ಲೂ ಸ್ವೆಟರ್ ಬೇಕು, ಮಳೆಗಂತೂ ಹೊತ್ತುಗೊತ್ತಿಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಮುಟ್ಟಿತ್ತು. ಅಂದು ಫ್ಯಾನಿಲ್ಲದ ನಮ್ಮ ಕಲ್ಲಿನ ಮನೆಯಲ್ಲಿ ಒದ್ದೆ ಪಂಚೆಗಳನ್ನು ಕಿಟಕಿಗೆ ಕಟ್ಟಿ ಕೂತಿದ್ದೆವು. ಅಂಥ ದಿನ ಅಪರೂಪ. ನಿನಗೆ ಹೊಸದೆನಿಸುವುದು ಬೆಳಕು. ರಾತ್ರಿ ಒಂಬತ್ತೂವರೆಗೂ ಅಂಗಳದಲ್ಲಿ ಕೂತು ಓದಬಹುದು, ಬೆಳಗ್ಗೆ ಐದಕ್ಕೆ ಮೊದಲೇ ಸೂರ್ಯ ಹುಟ್ಟಿರುತ್ತಾನೆ. ದಪ್ಪ ಪರದೆ ಹಾಕಿಸು. ಇಲ್ಲದಿದ್ದರೆ ನಸುಕಿನಲ್ಲೇ ಎಚ್ಚರವಾಗಿ, ಊರಿನಲ್ಲಿ ಈಗ ಬೆಳಗಿನ ತಿಂಡಿ ಮುಗಿದಿರಬಹುದು ಎಂದು ಲೆಕ್ಕ ಹಾಕುತ್ತಾ ಮಲಗಿರುತ್ತೀಯ.

ನಡೆಯುವುದನ್ನು ಮಾತ್ರ ತಪ್ಪಿಸಬೇಡ. ಇನ್ನೊಬ್ಬರ ಹೊಲದ ನಡುವೆಯೂ ಗುರುತು ಹಾಕಿದ ಕಾಲುದಾರಿಗಳಿವೆ, ಅಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಬೇಲಿ ದಾಟಲು ನಮ್ಮ ತಡಬೆಯಂಥ ಮೆಟ್ಟಿಲು, ಇಲ್ಲವೇ ಗೇಟು. ಗೇಟನ್ನು ತೆರೆದವರೇ ಮುಚ್ಚಬೇಕು. ಕೊಟ್ಟಿಗೆಯಲ್ಲಿ ಬೆಳೆದ ನಮಗೆ ದನ ಕಂಡರೆ ಗಂಗೆದೊಗಲು ಸವರುವ ಆಸೆ. ಇಲ್ಲಿ ಬೇಡ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಕರು ಹಾಕಿದ ಹಸುಗಳು ಇರುತ್ತವೆ, ಅವಕ್ಕೆ ನಮ್ಮ ಕೈಯ ಪರಿಚಯವಿಲ್ಲ. ತಾಯಿಗೂ ಕರುವಿಗೂ ನಡುವೆ ಎಂದೂ ಹೋಗಬೇಡ.

ಫೋಟೋಕ್ಕೆ ಯಾರೂ ಬೈಯುವುದಿಲ್ಲ. ಮಕ್ಕಳದ್ದನ್ನು ಮಾತ್ರ ತಂದೆತಾಯಿಯನ್ನು ಕೇಳದೆ ತೆಗೆಯಬೇಡ. ಇನ್ನೊಂದು ಮಾತಿದೆ, ಅದನ್ನು ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಬೇಸಿಗೆ ಜೂನ್ ಒಂದರಿಂದ ಆಗಸ್ಟ್ ಮೂವತ್ತೊಂದರವರೆಗೆ 92 ಫೋಟೋ ತೆಗೆದೆ. ಸುಣ್ಣಕಲ್ಲಿನ ಗೋಡೆ, ಗೋಡೆಯ ಮೇಲೆ ಬಿಸಿಲು ಕಾಯಿಸುವ ಬೆಕ್ಕು, ಬಾಗಿಲ ಪಕ್ಕದ ಗುಲಾಬಿ, ಹುಲ್ಲು ಕೊಯ್ದು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಉರುಳೆಗಳು, ಪಬ್ಬಿನ ಹೊರಗಿನ ಖಾಲಿ ಬೆಂಚು, ಕೆಂಪು ಅಂಚೆ ಡಬ್ಬಿ. ಅಣ್ಣ ಅವನ್ನು ಶಿರಸಿಯ ಸ್ಟುಡಿಯೋದಲ್ಲಿ ಹತ್ತು ಹದಿನೈದರಂತೆ ಪ್ರಿಂಟ್ ಹಾಕಿಸಿ ಮನೆಗೆ ಒಯ್ಯುತ್ತಿದ್ದ. ಒಂದು ಭಾನುವಾರ ಅಮ್ಮ ಫೋನಿನಲ್ಲಿ ಕೇಳಿದರು: "ಊರು ಚಂದವಿದೆ ಮಗಳೇ. ಅಲ್ಲಿ ಜನ ಇರುವುದಿಲ್ಲವೇ?"

ಜನ ಇದ್ದರು. ಅವರು ಪಕ್ಕಕ್ಕೆ ಸರಿಯಲಿ ಎಂದು ನಾನು ಕ್ಯಾಮೆರಾ ಹಿಡಿದು ಕಾಯುತ್ತಿದ್ದೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಒಂಟಿಯಾಗಿದ್ದರು. ನಾನು ಬಂದ ಮೊದಲ ವಾರವೇ ಗೋಡೆಯಾಚೆಯಿಂದ ಚಹಾಕ್ಕೆ ಕರೆದರು. "ಬೇಡ, ನಿಮಗೇಕೆ ತೊಂದರೆ" ಎಂದೆ. ನಮ್ಮಲ್ಲಿ ಮೊದಲ ಸಲದ ಬೇಡಕ್ಕೆ ಬೇಡವೆಂಬ ಅರ್ಥವಿದೆಯೇ? ಆಸರಿಗೆ ಏನು ಬೇಕು ಎಂದರೆ ಏನೂ ಬೇಡ ಎನ್ನುತ್ತೇವೆ, ಅವರು ಒಳಗೆ ಹೋಗಿ ಬೆಲ್ಲ ನೀರು ತಂದೇ ತರುತ್ತಾರೆ. ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಎರಡನೆಯ ಕರೆಗಾಗಿ ಕಾದೆ. ಅದು ಬರಲಿಲ್ಲ. ಒಬ್ಬರು ಬೇಡವೆಂದ ಮೇಲೆ ಮತ್ತೆ ಒತ್ತಾಯಿಸುವುದು ಇಲ್ಲಿಯವರಿಗೆ ಮರ್ಯಾದೆಯಲ್ಲ ಎಂದು ಯಾರೂ ನನಗೆ ಹೇಳಿರಲಿಲ್ಲ. ಇಲ್ಲಿಯ ಜನ ಬಿಗುಮಾನದವರು ಎಂದು ಅಮ್ಮನಿಗೆ ಬರೆದುಬಿಟ್ಟೆ.

ಎರಡು ವಾರದ ಮೇಲೆ ಅವರು ಇನ್ನೊಂದಕ್ಕೆ ಕರೆದರು. ಊರಿನ ಬಾವಿ, ನೀರಿನ ತೊಟ್ಟಿಗಳನ್ನು ಹೂವಿನ ಚಿತ್ರಗಳಿಂದ ಸಿಂಗರಿಸುವುದು ಡರ್ಬಿಶೈರಿನ ಹಳೆಯ ಪದ್ಧತಿ, ವೆಲ್ ಡ್ರೆಸ್ಸಿಂಗ್ ಎನ್ನುತ್ತಾರೆ. 1615ರ ಬರದಲ್ಲೂ ಟಿಸ್ಸಿಂಗ್ಟನ್ ಊರಿನ ಬಾವಿಗಳು ಬತ್ತಲಿಲ್ಲ, ಆ ಕೃತಜ್ಞತೆಗೆ ಶುರುವಾಯಿತು ಎಂದು ಒಂದು ಕಥೆ. ಯೂಲ್‌ಗ್ರೀವಿನಲ್ಲಿ 1829ರಲ್ಲಿ ಊರೊಳಗೆ ಕೊಳವೆ ನೀರು ಬಂದ ಸಂತೋಷಕ್ಕೆ. ಗಂಗೆ ಪೂಜೆ ಮಾಡುವ, ತುಂಬಿದ ಹೊಳೆಗೆ ಬಾಗಿನ ಬಿಡುವ ನಮಗೆ ಇದಕ್ಕಿಂತ ಹತ್ತಿರದ್ದು ಈ ದೇಶದಲ್ಲಿ ಇನ್ನೇನಿದೆ! ದೊಡ್ಡ ಹಲಗೆಗಳನ್ನು ದಿನಗಟ್ಟಲೆ ಹೊಳೆಯಲ್ಲಿ ನೆನೆಸಿ, ಬೇಗ ಒಣಗದಿರಲೆಂದು ಉಪ್ಪು ಕಲಸಿದ ಜೇಡಿಮಣ್ಣು ಮೆತ್ತುತ್ತಾರೆ. ಚಿತ್ರದ ಕಾಗದವನ್ನು ಅದರ ಮೇಲಿಟ್ಟು ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚುತ್ತಾರೆ. ಆ ಚುಕ್ಕೆಗಳ ಮೇಲೆ ಕಾಫಿ ಬೀಜ ಇಲ್ಲವೇ ಆಲ್ಡರ್ ಮರದ ಕಪ್ಪು ಕಾಯಿ ಊರಿ ಗೆರೆ ಮೂಡಿಸಿ, ಒಳಗೆ ಎಸಳು ತುಂಬುತ್ತಾರೆ. ಎಸಳನ್ನು ಕೆಳಗಿನಿಂದ ಮೇಲಕ್ಕೆ, ಒಂದರ ಬುಡ ಇನ್ನೊಂದರಿಂದ ಮುಚ್ಚುವಂತೆ ಒತ್ತಬೇಕು. ಹೆಂಚು ಹೊದಿಸಿದ ಹಾಗೆ. ಆಗ ಮಳೆ ನೀರು ಜಾರಿ ಹೋಗುತ್ತದೆ. ಒಂದು ವಾರ ಉಳಿಯುವ ಚಿತ್ರಕ್ಕೆ ಊರಿನ ಹೆಂಗಸರು ನಡುರಾತ್ರಿಯವರೆಗೆ ಬಗ್ಗಿ ಕೂತಿರುತ್ತಾರೆ.

"ನಿನ್ನ ಬೆರಳು ಸಣ್ಣದಿದೆ, ಎಸಳು ಒತ್ತಲು ಬಾ" ಎಂದರು. "ನನಗೆ ಬರುವುದಿಲ್ಲ" ಎಂದೆ. ಆರನೆಯ ವರ್ಷದಿಂದ ದಿನಾ ಬೆಳಗ್ಗೆ ಅಂಗಳದಲ್ಲಿ ಚುಕ್ಕೆ ಇಟ್ಟು ರಂಗೋಲಿ ಎಳೆದ ಕೈ ಇದು. ಸಂಕೋಚಕ್ಕೆ ಆಡಿದ ಆ ಮಾತನ್ನೂ ಅವರು ನಂಬಿದರು. ಎಲ್ಲ ಮುಗಿದ ಮೇಲೆ, ಯಾರೂ ಏಳದ ಹೊತ್ತಿನಲ್ಲಿ ಹೋಗಿ ಬಾವಿಯ ಫೋಟೋ ತೆಗೆದುಕೊಂಡು ಬಂದೆ.

ಜುಲೈ ಹದಿನಾಲ್ಕರ ಫೋಟೋ ಈಗಲೂ ನನ್ನ ಮೇಜಿನ ಮೇಲಿದೆ. ಗೋಡೆ, ಗುಲಾಬಿ, ಎಡ ಅಂಚಿನಲ್ಲಿ ಮಣಿಕಟ್ಟಿನವರೆಗೆ ಒಂದು ಕೈ. ಕೈಯಲ್ಲಿ ಅಂಚು ಒಡೆದ ನೀಲಿ ಬಟ್ಟಲು, ಅದರ ತುಂಬ ನೆಲ್ಲಿಕಾಯಿಯ ಹಾಗೆ ಗೆರೆಗೆರೆಯಾದ ಹಸಿರು ಗೂಸ್‌ಬೆರಿ. ಈ ಸಲ ಏನನ್ನೂ ಕೇಳದೆ ಬಟ್ಟಲನ್ನು ಗೋಡೆಯ ಮೇಲಿಟ್ಟು ಅವರು ಒಳಗೆ ಹೋದರು. ನಾನು ಅದನ್ನು ತೊಳೆದು, ಅವರಿಲ್ಲದ ಹೊತ್ತು ನೋಡಿ ಅಲ್ಲೇ ಇಟ್ಟೆ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದೂ ಆಗ ನೆನಪಾಗಲಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ಅವರು ಮಗನ ಊರಾದ ಡೆವನ್‌ಗೆ ಹೋದರು. ಈಗ ಆ ಮನೆಯಲ್ಲಿ ವಾರಕ್ಕೊಬ್ಬ ಪ್ರವಾಸಿ. ಬಾಗಿಲ ಪಕ್ಕ ಕೀಲಿ ಇಡುವ ಸಣ್ಣ ಪೆಟ್ಟಿಗೆ ಜಡಿದಿದ್ದಾರೆ, ಗೂಸ್‌ಬೆರಿ ಗಿಡ ತೆಗೆದು ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಆ ವರ್ಷ ಜೂನ್‌ನಲ್ಲಿ ನಾನೇ ಹಲಗೆ ಸಿಂಗರಿಸುವ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತೆ. ಒಳಗಿದ್ದ ಹೆಂಗಸರು ಏನೂ ಕೇಳದೆ ಸರಿದು ಜಾಗ ಕೊಟ್ಟರು, ನೀಲಿ ಹೈಡ್ರೇಂಜಿಯಾ ಎಸಳಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ಅಂದಿನಿಂದ ಒಂದು ವರ್ಷವೂ ಬಿಟ್ಟಿಲ್ಲ. ಚಿತ್ರದ ನೀರಿನ ಭಾಗ ನನ್ನದು.

ನಮ್ಮೂರಿನ ಹಲಗೆಗಳು ಜೂನ್ ಎರಡನೆಯ ವಾರ ಹೊಳೆಗೆ ಬೀಳುತ್ತವೆ. ಆ ಹೊತ್ತಿಗೆ ನೀನು ಬಂದಿರುತ್ತೀಯ, ಬೇಕ್‌ವೆಲ್‌ವರೆಗೆ ಬಸ್ಸಿದೆ, ಅಲ್ಲಿಂದ ನಾನು ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ. ಹಳೆಯ ಬಟ್ಟೆ ಹಾಕಿಕೊಂಡು ಬಾ, ಜೇಡಿಯ ಕಲೆ ಬಿಡುವುದಿಲ್ಲ. ಬೇಡ ಅಕ್ಕ, ನಿಮಗೇಕೆ ತೊಂದರೆ ಎಂದು ಬರೆದರೆ ಮತ್ತೊಮ್ಮೆ ಕರೆಯುತ್ತೇನೆ. ನಾನು ನಿನ್ನ ಊರ ಕಡೆಯವಳು.